ಮೂರನೇ ಮೆಟ್ಟಿಲು

"ಕೆಂಪು ಮುಚ್ಚಳದ ಡಬ್ಬೀದು ಕೊಡಿ. ಕಾಲು ಗ್ರಾಮ್. ಈಗ್ಲೇ..." ರಾಜಧಾನಿ ತಾರಾವಾದ ಡಾಕ್ಟರ ಮಾತು ಮುಗಿಯುವ ಮೊದಲೇ ರೇಡಿಯೊ ಸತ್ತಿತು. ಮೂರು ದಿನದಿಂದ ಬಿಸಿಲಿಲ್ಲ, ಸೋಲಾರ್ ಬ್ಯಾಟರಿ ಖಾಲಿ. ದ್ವೀಪದ ನರ್ಸೂ ಟೀಚರೂ ಹೋದ ದೋಣಿ ಬರುವುದು ಸೋಮವಾರ.

ತೆರೇಸಿಯಾಳ ಮಡಿಲಲ್ಲಿ ಆರು ವರ್ಷದ ಕಿನಾಯಿಯ ಮೈ ಕೆಂಡದಂತೆ ಸುಡುತ್ತಿತ್ತು. ಡಬ್ಬಿಯ ಮೇಲೆ ಬರೆದದ್ದು, ಒಂದು ಮಾತ್ರೆಗೆ ೧೨೫ ಮಿಲಿಗ್ರಾಮ್. ತೆರೇಸಿಯಾ ಊರಿಗೆಲ್ಲ ಬಟ್ಟೆ ಹೊಲಿಯುವವಳು. ಮೀಟರಿಗೆ ನೂರು ಎಂಬುದು ನಿದ್ದೆಯಲ್ಲೂ ಗೊತ್ತು. ಗ್ರಾಮಿಗೂ ನೂರೇ ಮಿಲಿ ಇರಬೇಕು. ಕಾಲು ಅಂದರೆ ಇಪ್ಪತ್ತೈದು, ಮಾತ್ರೆಯಲ್ಲಿ ಐದನೇ ಒಂದು ಪಾಲು. ಅವಳು ಬ್ಲೇಡು ತೆಗೆದಳು.

"ಅಮ್ಮಾ, ಕತ್ತರಿಸ್ಬೇಡ! ಎರಡು ಮಾತ್ರೆ ಕೊಡ್ಬೇಕು," ಎಂದಳು ಐದನೇ ಕ್ಲಾಸಿನ ದೊಡ್ಡ ಮಗಳು ರೂತಿಯಾ.

"ಎರಡಾ? ತಂಗೀನ ಕೊಂದುಬಿಡ್ತೀಯೇನೇ?"

ರೂತಿಯಾ ಎದುರಿನ ಚರ್ಚಿಗೆ ಓಡಿ ಮೆಟ್ಟಿಲು ಹತ್ತಿದಳು, ಹಾರಿ ಇಳಿದಳು, ತಡವರಿಸಿ ಮತ್ತೆ ಹತ್ತಿದಳು. ತೆರೇಸಿಯಾಳ ಪಿತ್ತ ನೆತ್ತಿಗೇರಿತು.

"ಕುಣಿಯೋ ಹೊತ್ತೇನೇ ಇದು?"

"ಲೆಕ್ಕ ಮಾಡ್ತಿದೀನಮ್ಮಾ! ಟೀಚರ್ ಒಂದೊಂದು ಮೆಟ್ಟಿಲಿಗೂ ಒಂದೊಂದು ಅಳತೆ ಹೆಸರು ಬರೆದಿದ್ರು. ಒಂದು ಇಳಿದ್ರೆ ಒಂದು ಸೊನ್ನೆ. ಬೆಳಿಗ್ಗೆ ನೀನೇ ಎಲ್ಲಾ ತೊಳೆದ್ಬಿಟ್ಟೆ!"

ಹೌದು, ತೊಳೆದವಳು ಅವಳೇ. ನಾಳೆಯ ಪೂಜೆಗೆಂದು, ದೇವರ ಮೆಟ್ಟಿಲ ಮೇಲೆ ಗೀಚಿದ ಟೀಚರಿಗೆ ಹಿಡಿಶಾಪ ಹಾಕುತ್ತಾ ತಿಕ್ಕಿದ್ದಳು. ಮಗುವನ್ನು ಹೆಗಲಿಗೇರಿಸಿ ಮೆಟ್ಟಿಲ ಬುಡಕ್ಕೆ ಬಂದಳು.

"ಮೀಟರಿಗೆ ನೂರು ತಾನೇ?"

"ನೂರು ಸೆಂಟಿ. ಅದು ಎರಡನೇದು. ಮಿಲಿ ಇನ್ನೂ ಕೆಳಗಿದೆ, ಮೂರನೇ ಮೆಟ್ಟಿಲು."

ತೆರೇಸಿಯಾ ಕೊರಳಲ್ಲಿದ್ದ ಅಳತೆ ಟೇಪನ್ನು ಕಣ್ಣ ಹತ್ತಿರ ಹಿಡಿದಳು. ಒಂದು ಸೆಂಟಿಮೀಟರಿನೊಳಗೆ ಸಣ್ಣ ಸಣ್ಣ ಗೆರೆಗಳು. ಇಪ್ಪತ್ತು ವರ್ಷ ಅವನ್ನು ನೋಡಿದ್ದಳು, ಎಣಿಸಿರಲಿಲ್ಲ. ಉಗುರಿನಿಂದ ಎಣಿಸಿದಳು. ಹತ್ತು. ನೂರಕ್ಕೆ ಇನ್ನೊಂದು ಸೊನ್ನೆ, ಸಾವಿರ. ಸಾವಿರದಲ್ಲಿ ಕಾಲು, ಇನ್ನೂರೈವತ್ತು.

ಮನೆಗೆ ಮರಳಿ ಬ್ಲೇಡು ಎತ್ತಿಟ್ಟಳು. ಆದರೂ ಎರಡನೇ ಮಾತ್ರೆ ಬಾಯಿಗೆ ಹಾಕುವಾಗ ಕೈಯನ್ನು ಅರ್ಧದಲ್ಲೇ ತಡೆದಳು. ರೂತಿಯಾ ಆ ಕೈಯನ್ನು ಹಿಡಿದು ತಂಗಿಯ ಬಾಯಿಗೆ ತಂದಳು.

ಭಾನುವಾರ ಬೆಳಿಗ್ಗೆ ಕಿನಾಯಿ ಬೆವತು, ಕಣ್ಣು ಬಿಟ್ಟು, ಎಳನೀರು ಕೇಳಿದಳು. ಪೂಜೆಯ ಗಂಟೆಗೆ ಬಂದ ಜನ ಮೆಟ್ಟಿಲ ಬಳಿ ನಿಲ್ಲಬೇಕಾಯಿತು. ಹಬ್ಬದ ಉಡುಪಿನಲ್ಲೇ ತೆರೇಸಿಯಾ ಮಂಡಿಯೂರಿ ಕೂತಿದ್ದಳು, ಕೈಯಲ್ಲಿ ಸೀಮೆಸುಣ್ಣದಂತೆ ಹಿಡಿದ ಬಿಳಿ ಹವಳದ ಚೂರು.

"ಇದಾಯ್ತು. ಇದರ ಕೆಳಗೆ ಯಾವುದೇ, ರೂತಿಯಾ? ಬೇಗ ಹೇಳು."

ಜನ ಚಪ್ಪಲಿ ಕೈಯಲ್ಲಿ ಹಿಡಿದು, ಅಂಚಿನಲ್ಲಿ ಕಾಲಿಡುತ್ತಾ ಒಬ್ಬೊಬ್ಬರಾಗಿ ಮೇಲೆ ಹೋದರು.