ಅಮಲ್ದಾರರ ದನಿ

ಹುಣಸೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸುವವರೆಗೆ ನಟರಾಜು ಪೂರ್ತಿ ಓದಿದ ಪುಸ್ತಕ ಒಂದೂ ಇರಲಿಲ್ಲ. ಗೈಡುಗಳೇ ಅವನ ಗುರುಗಳು. ಪಾಸಾದ ವಾರಕ್ಕೆ ಅವನ್ನೂ ಹಳೇ ಪೇಪರಿನವನಿಗೆ ಹಾಕಿ, ಓದಿಗೆ ‘ಓಡು’ ಅಂದುಬಿಟ್ಟಿದ್ದ. ಆಮೇಲಿನ ಹದಿನೆಂಟು ವರ್ಷ ಬೆಟ್ಟದಪುರದ ಪಕ್ಕದ ತನ್ನೂರಿನಲ್ಲಿ ಹೊಗೆಸೊಪ್ಪು ಬೆಳೆದ, ಸಿಕ್ಕಸಿಕ್ಕವರ ದನಿ ಅಣಕಿಸಿದ. ಬಸ್ಸಿನ ಕಂಡಕ್ಟರು, ಪಂಚಾಯ್ತಿ ಪಿಡಿಒ, ಯಾರೂ ಅವನ ಗಂಟಲಿನಿಂದ ತಪ್ಪಿಸಿಕೊಂಡಿರಲಿಲ್ಲ.

ಈ ಸಲ ಗಾಳಿಗೆ ಅವನ ಶೆಡ್ಡಿನ ಶೀಟುಗಳು ಹಾರಿಹೋದವು. ಊರ ಹಿರಿಯರಾದ ರುದ್ರಸ್ವಾಮಿ ತಮ್ಮ ಗೋಡೌನು ಬಿಟ್ಟುಕೊಟ್ಟರು. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಒಣಗಿಸಿ ತಂದ ಸೊಪ್ಪನ್ನು ಅಲ್ಲಿ ಆರು ಜನ ಹೆಂಗಸರು ಕೂತು ಬಣ್ಣ ನೋಡಿ ವಿಂಗಡಿಸಬೇಕು: ಹಳದಿ ಒಂದು ಕಡೆ, ಕಂದು ಒಂದು ಕಡೆ, ಕಪ್ಪು ಇನ್ನೊಂದು ಕಡೆ. ಪಿರಿಯಾಪಟ್ಟಣದ ಹರಾಜುಕಟ್ಟೆಯಲ್ಲಿ ಅವನ ಸರದಿಗೆ ಇನ್ನು ಒಂಬತ್ತೇ ದಿನ.

“ಪಕ್ಕದ ಶೆಡ್ಡಲ್ಲಿ ಸ್ಪೀಕರ್ ಆಕವ್ರೆ ಕಣಪ್ಪ,” ಎಂದಳು ಗುಂಪಿಗೆ ಹಿರಿಯಳಾದ ಸಣ್ಣತಾಯಮ್ಮ. “ಇಲ್ಲಿ ನಿನ್ ಕಂಡಕ್ಟರ್ ಮಾತ ಎಷ್ಟು ದಿನ ಕೇಳಾದು? ನಮ್ಗೂ ಬಾಯ್ಪಾಠ ಆಗೋಯ್ತು. ನಾಳಿಂದ ಅತ್ಲಾಗೇ ಓಯ್ತೀವಿ.”

ಅವತ್ತು ಸಂಜೆ ಹೆಂಡತಿ ಪವಿತ್ರಾ ಪಂಚಾಯ್ತಿ ಲೈಬ್ರರಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದು ಅವನ ಮುಂದೆ ಇಟ್ಟಳು. ರಟ್ಟು ಹರಿದು ಹೆಸರೂ ಇರಲಿಲ್ಲ.

“ಇದನ್ನ ಓದಿ ಅವ್ರಿಗೆ.”

“ಪರೀಕ್ಷೆ ಇಲ್ದೆ ಯಾರಾದ್ರೂ ಓದ್ತಾರೇನೇ?”

“ಇದೂ ಪರೀಕ್ಷೇನೇ ಕಣ್ರೀ. ಅವ್ರು ಎದ್ದೋದ್ರೆ ಅಷ್ಟೂ ಸೊಪ್ಪ ನೀವೊಬ್ರೇ ಕೂತು ಆರಿಸ್ಬೇಕಾಯ್ತದೆ.”

ಬೆಳಿಗ್ಗೆ ಗೋಡೌನಿನಲ್ಲಿ ಹೆಂಗಸರ ಮುಂದೆ ಕೂತು ಮೊದಲ ಪುಟವನ್ನು ಸೊಸೈಟಿಯ ವಾರ್ಷಿಕ ವರದಿಯಂತೆ ಓದಿದ. ಎರಡನೆಯ ಪುಟದಲ್ಲಿ ಪಾತ್ರಗಳು ಮಾತಾಡತೊಡಗಿದವು, ನಟರಾಜುವಿಗೆ ಜೀವ ಬಂತು. ಜಮೀನ್ದಾರರ ಮನೆಯಲ್ಲಿ ಕಾಸಿನ ಸರ ಕಳವು. ಮನೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ಮುದಿ ಅತ್ತೆ, ಒಬ್ಬ ನಿವೃತ್ತ ಅಮಲ್ದಾರ. ಡಾಕ್ಟರಿಗೆ ಕಂಡಕ್ಟರನ ದನಿ ಕೊಟ್ಟ, ಅತ್ತೆಗೆ ಸಣ್ಣತಾಯಮ್ಮನದು. ಚಿನ್ನದ ಕಟ್ಟಿನ ಕನ್ನಡಕದ, ಗೌರವಸ್ಥ ಅಮಲ್ದಾರರಿಗೆ ರುದ್ರಸ್ವಾಮಿಯವರದೇ ದನಿ: ಮೊದಲಿಗೊಂದು ‘ಏನಪ್ಪಾ ಅಂದ್ರೆ’, ಕೊನೆಗೊಂದು ಕೆಮ್ಮು. ಹೆಂಗಸರು ನಕ್ಕು ನಕ್ಕು ಹಳದಿಯನ್ನು ಕಂದಿಗೆ ಸೇರಿಸಿದರು. ಮರುದಿನ ಪಕ್ಕದ ಶೆಡ್ಡಿನಿಂದಲೂ ಇಬ್ಬರು ಹೆಂಗಸರು ಇಲ್ಲಿಗೇ ಬಂದರು.

ಮೂರನೆಯ ದಿನ ಓದುತ್ತಿದ್ದವನು ತಲೆಯೆತ್ತಿದರೆ ಬಾಗಿಲಲ್ಲಿ ರುದ್ರಸ್ವಾಮಿ.

“ಯಾರ್ಲಾ ಅದು, ನನ್ ಗಂಟ್ಲು ಕದ್ದೋನು?”

“ಅಮಲ್ದಾರ್ರು ಯಜಮಾನ್ರೇ. ಆ ಮನೇಲಿ ಎಲ್ರೂ ಅವ್ರ ಮಾತೇ ಕೇಳೋದು.”

“ಅಂಗಾ?” ರುದ್ರಸ್ವಾಮಿ ಕಟ್ಟಿಟ್ಟ ಸೊಪ್ಪಿನ ಬೇಲೊಂದರ ಮೇಲೆ ಕೂತರು. “ಓದು ಮತ್ತೆ.”

ಅಂದಿನಿಂದ ಇಸ್ತ್ರಿ ಅಂಗಿ ಹಾಕಿಕೊಂಡು ದಿನವೂ ಬಂದರು. ತಾವಿಲ್ಲದೆ ಆ ಮನೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲವೆಂದು ಟೀ ಅಂಗಡಿಯಲ್ಲಿ ಹೇಳಿಕೊಂಡರು.

ಏಳನೆಯ ದಿನ ಬೇಲು ಕಟ್ಟಲು ಗೋಣಿತಾಟು ಬೇಕಾಗಿ ನಟರಾಜು ಪಿರಿಯಾಪಟ್ಟಣದ ಬಸ್ಸು ಹತ್ತಿದ. ಪುಸ್ತಕ ಚೀಲದಲ್ಲೇ ಇತ್ತು. ಒಂದೇ ಪುಟ ನೋಡೋಣವೆಂದು ತೆಗೆದ. ಬಾಯಿ ಮುಚ್ಚಿತ್ತು, ಗಂಟಲು ಅಲುಗಲಿಲ್ಲ, ಆದರೂ ಎಲ್ಲರೂ ಮಾತಾಡುತ್ತಿದ್ದರು. ಅದೂ ಅವನು ಕೊಟ್ಟ ದನಿಯಲ್ಲಲ್ಲ, ತಂತಮ್ಮದೇ ದನಿಯಲ್ಲಿ. ಅತ್ತೆಯ ಬಳೆ ಸದ್ದು ಕೇಳಿಸಿತು. ಬಾವಿಕಟ್ಟೆಯ ಪಾಚಿಯ ವಾಸನೆ ಬಂತು. ಇಷ್ಟು ವರ್ಷ ಈ ಸುಖವನ್ನು ಪಕ್ಕದಲ್ಲೇ ಇಟ್ಟುಕೊಂಡು ತಾನು ಎಲ್ಲಿ ಹಾಳಾಗಿದ್ದೆ ಅನ್ನಿಸಿತು.

“ಸಾರ್, ಪಿರಿಯಾಪಟ್ಟಣ ಆಗ್ಲೇ ಹಿಂದಕ್ಕೋಯ್ತು,” ಎಂದ ಕಂಡಕ್ಟರು. “ಇದು ಬೈಲಕುಪ್ಪೆ. ಇಳೀತೀರೋ ಹೆಂಗೆ?”

“ಇನ್ನೂ ಹತ್ತು ಪುಟ ಇದೆ. ಕುಶಾಲನಗರಕ್ಕೇ ಕೊಟ್ಬುಡಿ.”

ಕುಶಾಲನಗರದಲ್ಲಿ ಇಳಿಯುವಾಗ ಅವನ ಕುಶಾಲು ಇಳಿದುಹೋಗಿತ್ತು. ಸರ ಕದ್ದವರು ಅಮಲ್ದಾರರು!

ರುದ್ರಸ್ವಾಮಿಯ ದನಿಯಲ್ಲಿ, ರುದ್ರಸ್ವಾಮಿಯ ಎದುರಿಗೆ, ರುದ್ರಸ್ವಾಮಿಯ ಗೋಡೌನಿನಲ್ಲೇ ಕೂತು ಅವರನ್ನು ಕಳ್ಳ ಮಾಡುವುದು ಹೇಗೆ? ಸಿಟ್ಟು ಬಂದು ಜಾಗ ಖಾಲಿ ಮಾಡು ಅಂದರೆ ಸೊಪ್ಪನ್ನು ಬಯಲಿಗೆ ಸುರಿಯಬೇಕು. ಆಕಾಶದಲ್ಲಿ ಬೇರೆ ಮೋಡ ಕಟ್ಟಿತ್ತು.

ಮರುದಿನ ಪುಟದ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ್ದನ್ನು ಓದಿದ. “ಆಗ ಪತ್ತೇದಾರನು ಡಾಕ್ಟರ ಕೈ ಹಿಡಿದು, ಸಿಕ್ಕಿಬಿದ್ದೆ ಕಳ್ಳಾ, ಎಂದನು.”

ಹೆಂಗಸರ ಕೈ ನಿಂತವು.

“ಸರಿಯಾಗಿ ಓದಪ್ಪಾ,” ಎಂದಳು ಸಣ್ಣತಾಯಮ್ಮ. “ಡಾಕ್ಟ್ರು ಅವತ್ತು ಮೈಸೂರ್ಗೆ ಓಗಿದ್ದ ಅಂತ ನೀನೇ ಓದ್ದೆ. ಅಲ್ಲಿಂದ್ಲೇ ಕೈ ಚಾಚ್ಬುಟ್ನಾ?”

“ಹಾಂ... ತಪ್ಪಾಯ್ತು. ಕದ್ದಿದ್ದು ಅತ್ತೆ.”

“ನನ್ ದನಿಯೋಳಾ! ಆ ಮುದ್ಕಿಗೆ ಪಾಪ ಕಣ್ಣೇ ಕಾಣಾಕಿಲ್ವಲ್ಲೋ!”

ಟೀ ಕೊಡಲು ಬಂದಿದ್ದ ಪವಿತ್ರಾ ಗಂಡನ ಮುಖ ನೋಡಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ರುದ್ರಸ್ವಾಮಿ ಎದ್ದರು. ಬಂದು ಪುಸ್ತಕ ಕಿತ್ತುಕೊಂಡರು. ಕನ್ನಡಕ ಹಾಕಿ, ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಪುಟದ ಕೆಳಗಿನವರೆಗೂ ಹೋದರು. ನಟರಾಜು ಬೇಲುಗಳನ್ನು ನೋಡಿದ, ಆಮೇಲೆ ಮೋಡವನ್ನು.

“ಏನಪ್ಪಾ ಅಂದ್ರೆ,” ಎಂದರು ರುದ್ರಸ್ವಾಮಿ. ಕೆಮ್ಮಿದರು. “ಕದ್ದೋನು ನಾನೇ ಕಣ್ಲಾ.”

ರುದ್ರಸ್ವಾಮಿ ಪುಟದ ಮೇಲೆ ಬೆರಳು ತಟ್ಟಿದರು.

“ಅವತ್ತು ನಾನು ಬಾವಿ ತಾವ ಸುಳ್ಳೇಳ್ದಾಗ್ಲೇ ನಂಗೆ ನನ್ ಮೇಲೇ ಗುಮಾನಿ ಬಂದಿತ್ತು. ಮೂರು ದಿನದಿಂದ ಅನ್ನ ಸೇರಿಲ್ಲ, ನಾನೇನಾ ಅಲ್ವಾ ಅಂತ. ಅಂತಾದ್ರಲ್ಲಿ ಆ ಕೈಲಾಗದ ಡಾಕ್ಟ್ರಿಗೆ ಕೊಟ್ಬುಡಕ್ಕೆ ಓಯ್ತಿದ್ಯಲ್ಲ, ಆಳಾದೋನೇ! ಎಷ್ಟು ನಾಜೂಕಾಗಿ ಕದ್ದಿವ್ನಿ ನೋಡು!”

“ಕೊಡಿ ಯಜಮಾನ್ರೇ, ಸರಿಯಾಗಿ ಓದ್ತೀನಿ.”

“ತಡಿಯೋ. ಸಿಕ್ಕಾಕಂಡ್ನಾ ತಪ್ಪಿಸ್ಕಂಡ್ನಾ ನೋಡ್ಬೇಕು.” ಪುಟ ಮಗುಚಿ, ಬೆಳಕಿಗೆಂದು ಬಾಗಿಲ ಬಳಿ ಹೋಗಿ ನಿಂತರು. ಬೆರಳು ನಿಧಾನವಾಗಿ ಸರಿಯಿತು. ಅಕ್ಷರಕ್ಕೊಂದು ಅಕ್ಷರ ಕೂಡಿಸಿ, ತಮ್ಮದೇ ದನಿಯಲ್ಲಿ, ಅಮಲ್ದಾರರು ತಪ್ಪೊಪ್ಪಿಕೊಳ್ಳತೊಡಗಿದರು.

ನಟರಾಜು ಸಣ್ಣತಾಯಮ್ಮನ ಪಕ್ಕ ಕೂತು ಒಂದು ಹಿಡಿ ಸೊಪ್ಪು ಎಳೆದುಕೊಂಡ. ಅವನಿಗೆ ಕೊನೆ ಗೊತ್ತಿತ್ತು. ಆದರೂ ಕತ್ತು ಮುಂದೆ ಚಾಚಿ, “ಒಸಿ ಜೋರಾಗಿ ಓದಿ ಯಜಮಾನ್ರೇ, ಕೇಳುಸ್ತಿಲ್ಲ,” ಎಂದ.