ಎರಡನೇ ಸಲ ಹೊಡೆದ ಗಂಟೆ

ಆ ಆ್ಯಪ್ ಮಾಡಲು ಉಮ್ಮೆ ಹಾನಿಗೆ ಏಳು ತಿಂಗಳು ಹಿಡಿದಿತ್ತು. ಸಕ್ಕರೆ ಕಾಯಿಲೆಯವರಿಗೆ ಗುಳಿಗೆಯ ನೆನಪು ಮಾಡಿಕೊಡುವ ಆ್ಯಪ್ ಅದು. ಬೆಳಿಗ್ಗೆ ಎಂಟಕ್ಕೆ ಫೋನಿನಲ್ಲಿ ಗಂಟೆ ಹೊಡೆಯುತ್ತದೆ, ಪರದೆಯ ಮೇಲೆ ಗುಳಿಗೆಯ ಚಿತ್ರ ಬರುತ್ತದೆ. ಕೆಳಗಿರುವ ನೀಲಿ ಬಟನ್ ಒತ್ತಿದರೆ ಅವತ್ತಿನದು ಮುಗಿಯಿತು. ಒತ್ತದಿದ್ದರೆ ಕಾಲು ಗಂಟೆ ಬಿಟ್ಟು ಮತ್ತೆ ಗಂಟೆ ಹೊಡೆಯುತ್ತದೆ.

ಕಲಬುರಗಿಯ ಐವಾನ್-ಎ-ಶಾಹಿ ಹತ್ತಿರ ಒಂದು ಮನೆಯ ಮಹಡಿಯ ಮೇಲೆ ನಾಲ್ಕು ಜನರ ಪುಟ್ಟ ಕಂಪನಿ. ಸುನೀಲಕುಮಾರ ಅದರ ಯಜಮಾನ. ಪರದೆಯ ಮೇಲೆ ಯಾವುದು ಎಲ್ಲಿರಬೇಕು, ಯಾವ ಬಣ್ಣ, ಯಾವ ಮಾತು ಎಂಬುದೆಲ್ಲ ಉಮ್ಮೆ ಹಾನಿಯ ಕೆಲಸ. ಒತ್ತಿದ ಕೂಡಲೇ ಕಡುನೀಲಿ ಬಟನ್ ಸದ್ದಿಲ್ಲದೆ ತಿಳಿನೀಲಿಯಾಗುವುದನ್ನು ನೋಡಲು ಅವಳಿಗೆ ಬಹಳ ಇಷ್ಟ. ಶರಣಬಸವೇಶ್ವರ ಗುಡಿಯ ಕಡೆಯ ಕಾಲೇಜು ಹುಡುಗ ಹುಡುಗಿಯರ ಕೈಗೆ ಫೋನ್ ಕೊಟ್ಟು ಪರೀಕ್ಷೆ ಮಾಡಿಸಿದ್ದಳು. ಎಲ್ಲರೂ "ಮಸ್ತ್ ಅದರೀ" ಅಂದಿದ್ದರು. ಆ ಹುಡುಗರಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ.

ಕಮಲಾಪುರದಲ್ಲಿ ಚಿಕ್ಕದೊಂದು ದವಾಖಾನೆ ನಡೆಸುವ ಡಾಕ್ಟರ್ ನೀಲಕಂಠ ತಮ್ಮ ನಲವತ್ತು ರೋಗಿಗಳಿಗೆ ಅದನ್ನು ಹಾಕಿಕೊಡಲು ಒಪ್ಪಿದರು. ಒಬ್ಬೊಬ್ಬರ ಫೋನಿಗೂ ತಾವೇ ಹಾಕಿಕೊಟ್ಟು, "ಇನ್ನ ಈ ಫೋನ್ ಹೇಳಿದಂಗ ಕೇಳ್ರಿ" ಎಂದು ಹೇಳಿ ಕಳಿಸಿದರು.

ಹದಿನೆಂಟನೇ ದಿನ ಮಧ್ಯಾಹ್ನ ಅವರ ಫೋನ್ ಬಂತು.

"ಹಾನಿ, ನಿಮ್ಮ ಗಂಟಿ ಜರಾ ಬಂದ್ ಮಾಡ್ರಿ. ಒಬ್ಬಾಕಿ ಎರಡು ಗುಳಗಿ ನುಂಗ್ಯಾಳ."

ಅವಳು ಲಲಿತಾಬಾಯಿ. ವಯಸ್ಸು ಅರವತ್ತು ದಾಟಿದೆ, ಬಾಳೆ ತೋಟದಲ್ಲಿ ಕೆಲಸ. ಅವತ್ತು ಬೆಳಗಿನ ಜಾವವೇ ಗೊನೆ ಕಡಿಯಲು ಹೋಗಿ ಎಂಟಕ್ಕೆ ಮನೆಗೆ ಬಂದಿದ್ದಳು. ಗಂಟೆ ಹೊಡೆಯಿತು, ಗುಳಿಗೆ ನುಂಗಿದಳು, ಬಟನ್ ಒತ್ತಿದಳು. ಕಾಲು ಗಂಟೆಗೆ ಮತ್ತೆ ಗಂಟೆ ಹೊಡೆಯಿತು. ಡಾಕ್ಟರು ಹೇಳಿದ್ದು ನೆನಪಿತ್ತು, ಇನ್ನೊಂದು ನುಂಗಿ ತೋಟಕ್ಕೆ ಹೋದಳು. ಹನ್ನೊಂದರ ಹೊತ್ತಿಗೆ ಮೈಯೆಲ್ಲ ಬೆವರಿ, ಕೈಕಾಲು ನಡುಗಿ, ಮಾತು ತೊದಲಿ ಬದುವಿನ ಮೇಲೆ ಕುಸಿದು ಕುಳಿತಳು. ಜೊತೆಗಿದ್ದ ನೆರೆಮನೆಯ ಶೇವಂತಾ ಓಡಿಹೋಗಿ ಸಕ್ಕರೆ ನೀರು ತಂದು ಕುಡಿಸಿದಳು. ಆಮೇಲೆ ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಕರೆತಂದಳು. ಜೀವಕ್ಕೆ ಏನೂ ಆಗಲಿಲ್ಲ.

ಉಮ್ಮೆ ಹಾನಿ ಎದ್ದು ನಿಂತುಕೊಂಡೇ ಆಫೀಸಿನ ಕಂಪ್ಯೂಟರಿನಿಂದ ನಲವತ್ತೂ ಫೋನುಗಳ ಗಂಟೆ ನಿಲ್ಲಿಸಿದಳು.

ಸುನೀಲಕುಮಾರನಿಗೂ ಗಾಬರಿಯಾಗಿತ್ತು, ಆದರೆ ಅವನ ಯೋಚನೆ ಬೇರೆ ಕಡೆ ಹರಿಯಿತು. "ಸೂಚನಾದಾಗ ಬರದೀವಲ್ಲ, ದಿನಕ್ಕ ಒಂದೇ ಅಂತ. ಇನ್ನೊಂದು ಕೆಂಪು ಅಕ್ಷರದ ಎಚ್ಚರಿಕೆ ಹಾಕೋಣು, ಮುಗೀತದ."

"ಆಕಿಗಿ ಓದಾಕ ಬರ್ತದೋ ಇಲ್ಲೋ ನಮಗ ಗೊತ್ತದೇನು ಸರ್?" ಎಂದಳು ಉಮ್ಮೆ ಹಾನಿ.

ಸಂಜೆ ಮನೆಯಲ್ಲಿ ತಾಯಿ ಇಕ್ಬಾಲ್ ಬೇಗಂ ಎಲ್ಲವನ್ನೂ ಕೇಳಿಸಿಕೊಂಡು, "ಫೋನ್ ಪೇ ನಕ್ಕೋ ಬೋಲ್. ಜಾಕೇ ಮಿಲ್" ಎಂದಷ್ಟೇ ಹೇಳಿದಳು, ಫೋನಿನಲ್ಲಿ ಹೇಳಬೇಡ, ಹೋಗಿಯೇ ಭೇಟಿಯಾಗು ಎಂದು.

ಎರಡು ದಿನ ಬಿಟ್ಟು ಉಮ್ಮೆ ಹಾನಿ ಹುಮನಾಬಾದ್ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದಳು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಜೋಡಿಸಿಕೊಂಡಿದ್ದಳು. ಬೈದರೆ ಬೈಸಿಕೊಳ್ಳುವುದು, ಹೊರಗೆ ಹೋಗು ಅಂದರೆ ಹೋಗುವುದು ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು.

ಲಲಿತಾಬಾಯಿ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಪಕ್ಕದಲ್ಲಿ ಶೇವಂತಾ ಅಕ್ಕಿ ಆರಿಸುತ್ತಿದ್ದಳು. ಬಂದವಳು ಯಾರೆಂದು ತಿಳಿದಾಗ ಲಲಿತಾಬಾಯಿ ಕಣ್ಣರಳಿಸಿದಳು.

"ಫೋನಿನಾಗಿಂದು ನೀ ಮಾಡೀಯೇನವ್ವ? ಇಷ್ಟು ಸಣ್ಣಾಕಿ?"

"ಹೌದ್ರೀ ಅಮ್ಮಾ. ನನ್ನಿಂದ ಬಾಳ ತಪ್ಪಾಗ್ಯಾದ. ಮಾಫ್ ಮಾಡ್ರಿ."

"ನಿಂದೇನ್ ತಪ್ಪು? ನಂಗ ಓದಾಕ ಬರಂಗಿಲ್ಲ. ತಪ್ಪು ನಂದದ. ಡಾಕ್ಟರು ಕೊಟ್ಟ ಸಾಮಾನು ನಾನೇ ಕೆಡಿಸಿದೆ ಅಂತ ಎರಡು ದಿನ ಆಯ್ತು, ಮನಸಿಗಿ ಹತ್ಯಾದ."

ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಈ ಮಾತು ತಡೆದುಕೊಳ್ಳಲಾಗಲಿಲ್ಲ. ಕಣ್ಣು ಒರೆಸಿಕೊಂಡು ಲಲಿತಾಬಾಯಿಯ ಪಕ್ಕ ನೆಲದ ಮೇಲೆ ಕುಳಿತಳು.

"ಅಮ್ಮಾ, ಅವತ್ತ ಹೆಂಗ ಒತ್ತಿದ್ರಿ, ಒಂದು ಸಲ ತೋರಸ್ರಿ."

ಉಮ್ಮೆ ಹಾನಿ ಫೋನಿನಲ್ಲಿ ಗುಳಿಗೆಯ ಪರದೆ ತೆರೆದುಕೊಟ್ಟಾಗ ಲಲಿತಾಬಾಯಿ ಬಲಗೈ ತೋರುಬೆರಳಿನಿಂದ ಬಟನ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ನಾಲ್ಕನೇ ಸಲಕ್ಕೆ ಬಣ್ಣ ತಿಳಿಯಾಯಿತು. ಅದು ಅವಳಿಗೆ ಗೊತ್ತಾಗಲೂ ಇಲ್ಲ, ಐದನೇ ಸಲವೂ ಒತ್ತಿದಳು. ಉಮ್ಮೆ ಹಾನಿ ಆ ಬೆರಳನ್ನು ಹಿಡಿದು ನೋಡಿದಳು. ನಲವತ್ತು ವರ್ಷ ಕುಡುಗೋಲು ಹಿಡಿದು ಒರಟಾಗಿ, ಬಾಳೆಯ ಸೊನೆ ಒಣಗಿ ಕಪ್ಪಗಾಗಿ, ಬಿರಿದು ಗಟ್ಟಿಯಾದ ಬೆರಳು. ಅದು ಮುಟ್ಟಿದ್ದು ಗಾಜಿಗೆ ತಿಳಿಯುತ್ತಲೇ ಇರಲಿಲ್ಲ.

"ದಿನಾ ಹಿಂಗೇ ಆಗತದೇನ್ರೀ?"

"ಬ್ಯಾರೆ ದಿನ ನಾಕೈದು ಸಲ ಒತ್ತಿದ್ರ ಕೇಳತದ, ಅವತ್ತ ಗೊನಿ ಕಡಿದು ಬಂದಿದ್ದೆ, ಕೇಳಲಿಲ್ಲ. ಈ ಬಾಜೂಕಿಂದು ಮಾತ್ರ ಯಾವಾಗ್ಲೂ ನನ್ನ ಮಾತು ಕೇಳತದ ನೋಡು" ಎಂದು ಲಲಿತಾಬಾಯಿ ಫೋನಿನ ಪಕ್ಕದಲ್ಲಿದ್ದ, ದನಿ ಏರಿಸುವ ಗುಂಡಿಯನ್ನು ಒತ್ತಿ ತೋರಿಸಿದಳು.

ಉಮ್ಮೆ ಹಾನಿ ಬೆರಗಾಗಿ ನೋಡುತ್ತ ಕುಳಿತಳು. ಏಳು ತಿಂಗಳಲ್ಲಿ ಆ ಗುಂಡಿಯ ಕಡೆ ಅವಳ ಗಮನ ಒಮ್ಮೆಯೂ ಹರಿದಿರಲಿಲ್ಲ.

"ಎರಡನೇ ಸಲ ಗಂಟಿ ಹೊಡದಾಗ ಏನಂತ ತಿಳಕೊಂಡ್ರಿ?"

"ಬಾ ಅಂತ ಕರದ್ರ ಹೋಗ್ತೀವಿ. ಮತ್ತ ಕರದ್ರ ಮತ್ತ ಹೋಗ್ತೀವಿ. ಹಂಗ ತಿಳಕೊಂಡೆ."

ಶೇವಂತಾ ಮೊರ ಕೆಳಗಿಟ್ಟು ನಡುವೆ ಬಾಯಿ ಹಾಕಿದಳು. "ನಾ ದಿನಾ ಗ್ವಾಡಿ ಆ ಕಡಿಂದ ಕೇಳ್ತೀನಲ್ಲ, ಯಕ್ಕಾ ಉಂಡಿಯೇನ್ ಅಂತ. ಉಂಡೀನಿ ಅಂದ್ರ ಸುಮ್ನಾಗ್ತೀನಿ. ನಿನ್ನ ಫೋನು ಕೇಳಂಗೇ ಇಲ್ಲ, ಬರೇ ಬಡಕೊಂತದ. ಕೇಳಾಕ ಕಲಸವ್ವ ಅದಕ್ಕ."

ಉಮ್ಮೆ ಹಾನಿ ಚೀಲದಿಂದ ಪುಸ್ತಕ ತೆಗೆದು ಆ ಮಾತನ್ನು ಹಾಗೆಯೇ ಬರೆದುಕೊಂಡಳು. ಮಧ್ಯಾಹ್ನದವರೆಗೂ ಬರೆದಳು. ರೊಟ್ಟಿ, ಪುಂಡಿಪಲ್ಯ ಉಂಡಳು. ಹೊರಡುವಾಗ ಶೇವಂತಾ ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪನ್ನು ಅವಳ ಚೀಲಕ್ಕೆ ತುರುಕಿದಳು.

ಮುಂದಿನ ವಾರ ಅವಳು ಸುನೀಲಕುಮಾರನನ್ನೂ ಕರೆದುಕೊಂಡು ಬಂದಳು. ಅವನು ಮೊದಲು ಮುಜುಗರದಿಂದಲೇ ತೋಟದ ಬದುವಿನ ಮೇಲೆ ನಿಂತಿದ್ದ. ಆಮೇಲೆ ಏನನ್ನಿಸಿತೋ, ಲಲಿತಾಬಾಯಿಯ ಕೈಯಿಂದ ಕುಡುಗೋಲು ಇಸಿದುಕೊಂಡು ಎರಡು ಗೊನೆ ಕಡಿದ. ಸೊನೆ ಅಂಗೈಗೆಲ್ಲ ಮೆತ್ತಿಕೊಂಡಿತು. ಬಿಸಿಲಿಗೆ ಒಣಗಿದ ಮೇಲೆ ತನ್ನದೇ ಫೋನ್ ತೆಗೆದು ನೀಲಿ ಬಟನ್ ಒತ್ತಿದ. ಇನ್ನೊಂದು ಬೆರಳಿನಿಂದ ಒತ್ತಿದ. ಹೆಬ್ಬೆರಳಿನಿಂದ ಒತ್ತಿದ.

"ನಮ್ಮ ಮಾತೂ ಕೇಳಂಗಿಲ್ಲಲ್ಲರೀ ಇದು" ಎಂದ. ಲಲಿತಾಬಾಯಿ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕಳು. ಅವನೂ ನಕ್ಕ. ಕೆಂಪು ಅಕ್ಷರದ ಎಚ್ಚರಿಕೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಹೊಸದರಲ್ಲಿ ನೀಲಿ ಬಟನ್ ಇರಲಿಲ್ಲ. ಫೋನಿನ ಪಕ್ಕದ ಗುಂಡಿ ಒತ್ತಿದರೆ ಸಾಕು. ಒತ್ತಿದ ಕೂಡಲೇ ಫೋನ್ ಒಮ್ಮೆ ನಡುಗಿ, "ಇವತ್ತಿಂದು ಆಯ್ತ್ರಿ" ಎನ್ನುತ್ತದೆ. ಒತ್ತದಿದ್ದರೆ ಎರಡನೇ ಸಲ ಗಂಟೆಯ ಬದಲು ಒಂದು ದನಿ ಕೇಳುತ್ತದೆ: "ಗುಳಗಿ ನುಂಗಿದ್ರೇನ್ರೀ? ನುಂಗಿದ್ರ ಮತ್ತ ನುಂಗಬ್ಯಾಡ್ರಿ, ಬಾಜೂಕಿನ ಗುಂಡಿ ಒತ್ರಿ." ನೆನಪಿಲ್ಲದಿದ್ದರೆ ನುಂಗದೆ ದವಾಖಾನೆಗೆ ಫೋನ್ ಮಾಡಿ ಎಂಬ ಮಾತನ್ನು ಡಾಕ್ಟರ್ ನೀಲಕಂಠ ಸೇರಿಸಿದರು. ದನಿ ಶೇವಂತಾಳದು. ಲಲಿತಾಬಾಯಿಯ ಅಡುಗೆಮನೆಯಲ್ಲೇ ಧ್ವನಿಮುದ್ರಣ ಆಯಿತು. ಮೊದಲ ಮೂರು ಸಲ ಶೇವಂತಾ ರೇಡಿಯೋದವರಂತೆ ಮಾತಾಡಿದಳು. ನಾಲ್ಕನೇ ಸಲ ಲಲಿತಾಬಾಯಿಯನ್ನು ಗೋಡೆಯ ಆಚೆ ಕೂಡಿಸಿ, "ಆಕಿಗಿ ಕೇಳ್ರಿ" ಎಂದು ಉಮ್ಮೆ ಹಾನಿ ಹೇಳಿದ ಮೇಲೆ ಸರಿಯಾಗಿ ಬಂತು. ಹಿಂದೆ ಎಲ್ಲೋ ಒಂದು ಕೋಳಿ ಕೂಗಿದ್ದನ್ನು ಉಮ್ಮೆ ಹಾನಿ ತೆಗೆಯಲಿಲ್ಲ.

ಮೊದಲ ವಾರ ಲಲಿತಾಬಾಯಿ ಮತ್ತು ಇನ್ನು ನಾಲ್ವರ ಫೋನಿಗೆ ಮಾತ್ರ ಹಾಕಿದರು. ಉಮ್ಮೆ ಹಾನಿ ದಿನವೂ ಬೆಳಿಗ್ಗೆ ಎಂಟೂವರೆಗೆ ಐವರಿಗೂ ಫೋನ್ ಮಾಡಿ ವಿಚಾರಿಸಿದಳು. ಎಲ್ಲರೂ ಒಂದೊಂದೇ ನುಂಗಿದ್ದರು. ಆಮೇಲೆ ನಲವತ್ತೂ ಜನರಿಗೆ ಹೋಯಿತು. ಐದು ತಿಂಗಳಲ್ಲಿ ಯಾರೂ ಎರಡು ಗುಳಿಗೆ ನುಂಗಲಿಲ್ಲ. ಶರಣಸಿರಸಗಿಯ ಆಶಾ ಕಾರ್ಯಕರ್ತೆಯೊಬ್ಬಳು ಸುದ್ದಿ ಕೇಳಿ, ನಮ್ಮೂರಿಗೂ ಕೊಡಿ ಎಂದು ಆಫೀಸಿಗೇ ಬಂದಳು.

ಆ್ಯಪಿನ ಕೊನೆಯ ಪುಟದಲ್ಲಿ ಮಾಡಿದವರ ಹೆಸರು ಹಾಕುವುದು ರೂಢಿ. ಯಾರೂ ಅದನ್ನು ತೆರೆದು ನೋಡುವುದಿಲ್ಲ. ಉಮ್ಮೆ ಹಾನಿ ಅಲ್ಲಿ ಎರಡು ಹೆಸರು ಸೇರಿಸಿ, ಒಂದು ಭಾನುವಾರ ಅದನ್ನು ತೋರಿಸಲೆಂದೇ ಕಮಲಾಪುರಕ್ಕೆ ಹೋದಳು.

"ಏನ್ ಬರದೀಯವ್ವ?" ಎಂದು ಕೇಳಿದಳು ಲಲಿತಾಬಾಯಿ.

"ಇದನ್ನ ಮಾಡಿದವರು ಅಂತ ಅದರೀ. ಮೊದಲ್ನೇದು ನಿಮ್ಮ ಹೆಸರು, ಎರಡನೇದು ಶೇವಂತಕ್ಕಂದು. ಆಮ್ಯಾಲೆ ನಮ್ಮವು."

"ನಾ ಏನ್ ಮಾಡೀನಿ? ಆಜಾರಿ ಬಿದ್ದು ದವಾಖಾನಿಗಿ ಹೋಗೀನಿ, ಅಷ್ಟೇ."

"ನೀವು ಬೈದು ಕಳಿಸಿದ್ರ ನಾ ಹಂಗೇ ಹೋಗ್ತಿದ್ದೆ ಅಮ್ಮಾ. ಕೂಡಿಸಿ ತೋರಿಸಿದ್ರಿ. ನಂಗ ಕೆಲಸ ಕಲಿಸಿದವರು ನೀವು."

ಲಲಿತಾಬಾಯಿ ಅವಳ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಯಾವ ಅಕ್ಷರ ನಂದು? ಜರಾ ತೋರಸು."

ಉಮ್ಮೆ ಹಾನಿ ಪರದೆಯನ್ನು ದೊಡ್ಡದು ಮಾಡಿ, "ಇದು ಲ ರೀ, ಅದರ ಬಾಜೂಕ ಲಿ" ಎಂದು ಒಂದೊಂದಾಗಿ ತೋರಿಸತೊಡಗಿದಳು. ಶೇವಂತಾ ಒಲೆಯ ಮೇಲೆ ಚಹಾ ಇಟ್ಟು ಬಂದು, ತನ್ನ ಅಕ್ಷರವನ್ನೂ ನೋಡಲು ಇಬ್ಬರ ನಡುವೆ ತಲೆ ತೂರಿಸಿದಳು.