ಹಾಯಿಯ ಹಗ್ಗ ಹಿಡಿದ ಮಲಕಾಜಪ್ಪ

ನಮ್ಮ ಸೀಮೆಯಲ್ಲಿ ನೆಲ ಓಲಾಡುವುದಿಲ್ಲ. ಬೈಲಹೊಂಗಲದಿಂದ ಸವದತ್ತಿಯವರೆಗೆ ಹಬ್ಬಿದ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಕಾಲು ಹಿಡಿಯುತ್ತದೆ. ಇದ್ದಲ್ಲಿಂದ ಮಾತ್ರ ಕದಲುವುದಿಲ್ಲ. ಅಂಥ ನೆಲದ ಮೇಲೆ ನೇಸರಗಿಯ ಮಲಕಾಜಪ್ಪನೊಬ್ಬ ಎರಡು ಕಾಲುಗಳನ್ನೂ ಅಗಲಿಸಿ, ಮೊಣಕಾಲನ್ನು ತುಸು ಬಾಗಿಸಿ, ಭೂಮಿ ಯಾವ ಗಳಿಗೆಯಲ್ಲಾದರೂ ಒಂದು ಮಗ್ಗುಲಿಗೆ ವಾಲೀತೆಂಬ ಎಚ್ಚರದಲ್ಲಿ ನಡೆಯುತ್ತಿದ್ದ. ಸಂತೆಯ ದಿನ ಅವನು ದೂರದಿಂದ ಬರುವುದನ್ನು ಕಂಡ ಪರಊರಿನವರು, ಪಾಪ, ಮನುಷ್ಯನಿಗೆ ಸೊಂಟದಲ್ಲಿ ಏನೋ ಐಬಿದೆ ಎಂದುಕೊಳ್ಳುತ್ತಿದ್ದರು. ಊರಿನವರು ನಕ್ಕು ಸುಮ್ಮನಾಗುತ್ತಿದ್ದರು.

ನಡಿಗೆಯೊಂದೇ ಆಗಿದ್ದರೆ ಮರೆಯಬಹುದಿತ್ತು. ಬಿಸಿಲು ನೆತ್ತಿ ಸುಡುವ ಚೈತ್ರದಲ್ಲೂ ಅವನ ಮೈಮೇಲೆ ಹಾಯಿಬಟ್ಟೆಯ ಒಂದು ಒರಟು ನೀಲಿ ಕೋಟು ಇರುತ್ತಿತ್ತು. ಅದರ ಬಣ್ಣ ಹೋಗಿ ಹೋಗಿ ಬೂದಿಯಾಗಿದ್ದರೂ ಅದನ್ನು ನೀಲಿ ಕೋಟೆಂದೇ ಎಲ್ಲರೂ ಕರೆಯಬೇಕಾಗಿತ್ತು. ಬಿತ್ತನೆಗಾಗಲಿ, ಬೀಗರ ಊರಿಗಾಗಲಿ ಹೊರಡುವ ಮುನ್ನ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತು, ‘ಗಾಳಿ ನೋಡ್ರಿ ಮೊದಲ’ ಎನ್ನುತ್ತಿದ್ದ. ಊಟಕ್ಕೆ ಕುಳಿತರೆ ಬಲಗೈ ರೊಟ್ಟಿ ಮುರಿಯುತ್ತಿರುವಷ್ಟು ಹೊತ್ತೂ ಎಡಗೈ ತಾಟಿನ ಅಂಚನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಹೆಂಡತಿ ರಾಯವ್ವ ಮದುವೆಯಾದ ಹೊಸತರಲ್ಲಿ ಇದನ್ನು ಕಂಡು ಬೆರಗಾಗಿ, ಆಮೇಲೆ ಜೀವಮಾನವಿಡೀ ಕಾಡಿದಳು: ‘ತಾಟು ಎಲ್ಲಿಗಿ ಓಡಿ ಹೊಕ್ಕೈತ್ರಿ? ಬಿಡ್ರಿ ಅದನ್ನ, ನಾ ಕಾಯತೇನಿ.’ ಅವನು ನಗುತ್ತಿದ್ದ, ತಾಟನ್ನು ಬಿಡುತ್ತಿರಲಿಲ್ಲ.

ಈ ಎಲ್ಲ ವಿಚಿತ್ರಗಳ ಮೂಲ ಘಟ್ಟದ ಕೆಳಗಿತ್ತು. ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಬೈಲಹೊಂಗಲದ ಅರಳೆ ಅಂಡಿಗೆಗಳನ್ನು ಹೇರಿಕೊಂಡ ಕೆಲವು ಬಂಡಿಗಳು ಬೆಳಗಾವಿಯ ಮೇಲೆ ಹಾದು ಅಂಬೋಲಿ ಘಟ್ಟವಿಳಿದು ವೆಂಗುರ್ಲೆಯ ಬಂದರಿಗೆ ಹೋಗುತ್ತಿದ್ದವು. ಮೀಸೆ ಚಿಗುರುತ್ತಿದ್ದ ಮಲಕಾಜಪ್ಪ ಅಂಥದೊಂದು ಬಂಡಿಯ ಬೆನ್ನು ಹತ್ತಿ ಹೋದವನು. ಹೋಗುವಾಗ ಮನಸ್ಸಿನಲ್ಲೊಂದು ಮುಳ್ಳಿತ್ತು. ಅವನು ಬಿತ್ತಿದ ಸಾಲು ಸೊಟ್ಟ, ಹಾಕಿದ ಬೇಲಿ ಸಡಿಲ. ಅಪ್ಪ ಯಮನಪ್ಪ ನಾಲ್ಕು ಜನರ ಮುಂದೆ, ‘ಇವನ ಕೈಯಾಗ ಯಾವುದೂ ನಿಂದ್ರೂದಿಲ್ಲ’ ಎಂದು ಅಂದಿದ್ದ. ನಿಲ್ಲುವಂಥದು ಒಂದೇ ಇತ್ತು: ಅವನು ಬಂಡಿಗೆ ಹಾಕಿದ ಹೇರಿನ ಗಂಟು. ಹಗ್ಗವನ್ನು ಸುತ್ತಿ, ಮಡಚಿ, ಕಾಲು ಕೊಟ್ಟು ಜಗ್ಗಿ, ಮೇಲೆ ನೀರು ಚಿಮುಕಿಸಿ ಬಿಗಿದನೆಂದರೆ, ಘಟ್ಟದ ಎಂಥ ಇಳಿಜಾರಿನಲ್ಲೂ ಅಂಡಿಗೆ ಅಲುಗುತ್ತಿರಲಿಲ್ಲ. ಊರು ಮುಟ್ಟಿದ ಮೇಲೆ ಅದನ್ನು ಬಿಚ್ಚುವುದಕ್ಕೆ ಇಬ್ಬರು ಗಂಡಾಳು ಬೇಕಾಗುತ್ತಿತ್ತು. ಅದೇ ಅವನ ಹೆಮ್ಮೆ.

ವೆಂಗುರ್ಲೆಯಲ್ಲಿ ಭಿವಾ ತಾಂಡೇಲನೆಂಬ ಹಾಯಿಹಡಗಿನ ಯಜಮಾನನಿದ್ದ. ಅರಳೆಯ ಬಂಡಿಕಾರರ ಸಹವಾಸದಿಂದ ಮುರುಕು ಕನ್ನಡ ಕಲಿತವನು. ಕುಳ್ಳ, ಕಪ್ಪು, ಮಿತಭಾಷಿ. ಮಳೆಗಾಲ ತಗ್ಗಿ, ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸುವ ನೂಲಹುಣ್ಣಿಮೆ ಕಳೆದ ಮೇಲೆ, ಅವನು ವರ್ಷದ ಮೊದಲ ಸಫರಿಗೆ ಹೊಸ ಹುಡುಗರನ್ನು ಕರೆದೊಯ್ಯುತ್ತಿದ್ದ. ಅದು ವ್ಯಾಪಾರದ ಜೊತೆಗೆ ಕಲಿಕೆಯ ಯಾತ್ರೆ: ಕರಾವಳಿಯನ್ನು ಹಿಡಿದು ಉತ್ತರಕ್ಕೆ ಮುಂಬಯಿಯವರೆಗೆ, ಅಲ್ಲಿಂದ ಮರಳಿ. ಕೆಲಸ ಹತ್ತಿದ ಹುಡುಗರು ಹಡಗಿನಲ್ಲಿ ಉಳಿಯುತ್ತಿದ್ದರು. ಹತ್ತದವರು ದಾರಿಯಲ್ಲಿ ರತ್ನಾಗಿರಿಯಲ್ಲಿ ಇಳಿದು ಮನೆಯ ದಾರಿ ಹಿಡಿಯುತ್ತಿದ್ದರು. ಬಂಡಿಯ ಮೇಲಿನ ಗಂಟನ್ನು ಮುಟ್ಟಿ ನೋಡಿದ ತಾಂಡೇಲ, ‘ಪೋರಾ, ಹಡಗಕ್ಕ ಬರ್ತಿ ಏನು?’ ಎಂದು ಕೇಳಿದ. ಮಲಕಾಜಪ್ಪ ಅಲ್ಲಿಯವರೆಗೆ ಕಂಡಿದ್ದ ದೊಡ್ಡ ನೀರೆಂದರೆ ಮಲಪ್ರಭೆಯ ಮಹಾಪೂರ. ಆದರೂ ಹೂಂ ಅಂದ.

ಮೊದಮೊದಲು ಹೊಟ್ಟೆಯಲ್ಲಿದ್ದುದೆಲ್ಲ ಸಮುದ್ರದ ಪಾಲಾಯಿತು. ಕರಾವಳಿಯ ಹುಡುಗರು ಅವನನ್ನು ‘ಎರೆನೆಲದ ಎತ್ತು’ ಎಂದು ಕರೆದರು, ಹಾಯಿಮರ ಹತ್ತಲು ಕಲಿಸಿದರು, ತಮ್ಮ ಪಾಲಿನ ಗಂಜಿಯಲ್ಲಿ ಅವನಿಗೊಂದಿಷ್ಟು ಬಸಿದುಕೊಟ್ಟರು. ಬೆಳಗಿನ ಹೊತ್ತು ಹಾಯಿ ಎದೆತುಂಬ ಗಾಳಿ ಕುಡಿದು ಹಡಗು ಮುಂದಕ್ಕೆ ಚಿಮ್ಮಿದಾಗ, ಹಿಂದೆ ಯಾರೂ ಬೈಯದೆ, ಮುಂದೆ ಯಾರೂ ಜಗ್ಗದೆ, ಇಷ್ಟು ದೊಡ್ಡ ಮನೆಯೊಂದು ತಾನೇ ನಡೆಯುತ್ತಿದೆಯಲ್ಲ ಎಂದು ಅವನಿಗೆ ಅಳು ಬಂತಂತೆ. ಇಲ್ಲೇ ಉಳಿಯಬೇಕೆಂದು ಅವನು ನಿಶ್ಚಯಿಸಿದ್ದು ಆಗ. ‘ಕೈಯಾಗ ನಿಂದ್ರೂದಿಲ್ಲ’ ಎಂದ ಅಪ್ಪನ ಮುಂದೆ ರತ್ನಾಗಿರಿಯಿಂದ ಗಂಟುಮೂಟೆ ಹೊತ್ತು ಹೋಗಿ ನಿಲ್ಲುವುದಕ್ಕಿಂತ ನೀರಿಗೆ ಬೀಳುವುದೇ ಲೇಸೆಂದು ಅವನಿಗೆ ತೋರಿತ್ತು.

ಹಾಗಿರುವಾಗಲೇ ಅನಾಹುತವಾಯಿತು. ಹಾಯಿಯ ಕೆಳತುದಿಯನ್ನು ಹಿಡಿದಿರುವ ಹಗ್ಗವನ್ನು ಹಡಗಿನವರು ಗೂಟಕ್ಕೆ ಸುತ್ತಿ, ಒಂದೇ ಸೆಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿಡುತ್ತಾರೆ. ಎಲ್ಲರೂ ಊಟಕ್ಕೆ ಕುಳಿತ ಮಧ್ಯಾಹ್ನ ಅದು ಮಲಕಾಜಪ್ಪನ ಕಣ್ಣಿಗೆ ಬಿತ್ತು. ಅಯ್ಯೋ, ಇಷ್ಟು ದೊಡ್ಡ ಬಟ್ಟೆಗೆ ಇಷ್ಟು ಸಡಿಲ ಗಂಟೇ! ಯಾರ ಮೈಗಳ್ಳತನವೋ ಎಂದುಕೊಂಡು, ಉಣಿಸಿದವರ ಋಣ ತೀರಿಸುವ ಸದ್ಭಾವದಿಂದ, ಅವನು ಅದನ್ನು ಬಿಚ್ಚಿ ತನ್ನ ಹೇರಿನ ಗಂಟು ಹಾಕಿದ. ಕಾಲು ಕೊಟ್ಟು ಜಗ್ಗಿದ. ಮರೆಯದೆ ಮೇಲೊಂದು ಬೊಗಸೆ ನೀರು ಚಿಮುಕಿಸಿದ.

ಹುಬ್ಬಿ ಮಳೆಯ ದಿನಗಳವು. ಇಳಿಹೊತ್ತಿಗೆ ಬಾನಂಚು ಕಪ್ಪಾಗಿ, ನೋಡನೋಡುತ್ತಿದ್ದಂತೆ ಬಿರುಗಾಳಿ ಹಾಯಿಗೆ ಅಪ್ಪಳಿಸಿತು. ಹಡಗು ಮಗ್ಗುಲಾಯಿತು. ತಾಂಡೇಲ ‘ಸೋಡ್! ಹಗ್ಗ ಬಿಡ್ರೋ!’ ಎಂದು ಕೂಗಿದ. ಹಾಯಿಯಿಂದ ಗಾಳಿ ಬಿಡಿಸಲು ಗೂಟದ ಬಳಿ ಓಡಿದವರು ಕಂಡದ್ದು ಬಿಚ್ಚದ ಗಂಟು. ಮಲಕಾಜಪ್ಪನೇ ಬಿದ್ದೆದ್ದು ಬಂದು ಹಲ್ಲು ಹಚ್ಚಿದ, ಉಗುರು ಕಿತ್ತುಹೋಗುವಂತೆ ಎಳೆದ. ಜೀವಮಾನದಲ್ಲಿ ಅವನು ಹಾಕಿದ ಗಂಟುಗಳಲ್ಲೆಲ್ಲ ಅದೇ ಉತ್ತಮವಾದದ್ದು. ನೀರು ಅಂಚು ದಾಟಿ ಒಳನುಗ್ಗಿತು. ಜಾರಿ ಕಡಲಿನತ್ತ ಹೋಗುತ್ತಿದ್ದ ಜೊತೆಯ ಹುಡುಗನೊಬ್ಬನನ್ನು ಯಾರೋ ಕಾಲು ಹಿಡಿದು ನಿಲ್ಲಿಸಿದರು. ಅಷ್ಟರಲ್ಲಿ ತಾಂಡೇಲ ಕೊಡಲಿ ತಂದು ಹಗ್ಗವನ್ನೇ ಕಡಿದ. ಹಾಯಿ ಹರಿದು ಪಟಪಟನೆ ಹಾರಿತು. ಹಡಗು ನರಳುತ್ತ ನೆಟ್ಟಗಾಯಿತು.

ಯಾರೂ ಅವನನ್ನು ಹೊಡೆಯಲಿಲ್ಲ. ತಾಂಡೇಲ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ, ಆ ಮೌನ ನನ್ನನ್ನು ತಿಂದುಹಾಕಿತು ಎಂದು ಮಲಕಾಜಪ್ಪ ಆಮೇಲೆ ಹೇಳುತ್ತಿದ್ದ. ರತ್ನಾಗಿರಿ ಬಂತು. ಯಾರೂ ಹೇಳುವ ಮೊದಲೇ ಅವನು ತನ್ನ ಧೋತರ, ಕಂಬಳಿ ಸುತ್ತಿಕೊಂಡು, ದಡಕ್ಕೆ ಹೋಗುವ ಚಿಕ್ಕ ದೋಣಿಯ ಬಳಿ ತಲೆ ತಗ್ಗಿಸಿ ನಿಂತ. ತಾಂಡೇಲ ಬಂದ.

‘ಎಲ್ಲಿಗಿ ಹೊಂಟಿ?’

‘ಊರಿಗ್ರಿ.’

‘ಯಾರು ಹೋಗು ಅಂದ್ರು?’

ಹಳೆಯ ನಾವಿಕನೊಬ್ಬ ಹಿಂದಿನಿಂದ, ಈ ಎತ್ತನ್ನು ಇಳಿಸದಿದ್ದರೆ ನಾನೇ ಇಳಿಯುತ್ತೇನೆ ಎಂದು ಗೊಣಗಿದ. ಭಿವಾ ತಾಂಡೇಲ ಅವನತ್ತ ತಿರುಗದೆ, ಹೊಸ ಹಗ್ಗದ ತುದಿಯನ್ನು ಮಲಕಾಜಪ್ಪನ ರಕ್ತ ಹೆಪ್ಪುಗಟ್ಟಿದ ಕೈಯಲ್ಲಿಟ್ಟ.

‘ಇವತ್ತಿನಿಂದ ಹಾಯಿ ಹಗ್ಗ ನಿಂದು. ಗಂಟು ಬಿಚ್ಚಲಿಲ್ಲಂದ್ರ ಏನಾಕ್ಕೈತಿ, ಈ ಹಡಗದಾಗ ನಿನ್ನಷ್ಟು ಯಾರಿಗಿ ಗೊತ್ತೈತಿ? ಮತ್ತ ಯಾರಿಗಿ ಕೊಡ್ಲಿ ನಾ?’

ಅಷ್ಟು ಹೇಳಿ, ಮಲಕಾಜಪ್ಪನ ಹೆಗಲಿಗೆ ತನ್ನ ನೀಲಿ ಕೋಟನ್ನು ಹಾಕಿ, ಲಂಗರೆತ್ತಲು ಹೇಳಿದ. ಗೊಣಗಿದ ನಾವಿಕ ಇಳಿಯಲಿಲ್ಲ. ಮುಂಬಯಿಯವರೆಗೂ, ಮುಂಬಯಿಯಿಂದ ಮರಳಿಯೂ, ಆಮೇಲೆ ಮೂರ್ನಾಲ್ಕು ವರ್ಷಗಳ ಸಫರುಗಳಲ್ಲೂ ಆ ಹಗ್ಗ ಮಲಕಾಜಪ್ಪನ ಕೈಯಲ್ಲೇ ಇತ್ತು.

ಅಪ್ಪನ ಮೈಗೆ ಹುಷಾರಿಲ್ಲವೆಂದು ಬಂಡಿಕಾರರು ಸುದ್ದಿ ತಂದಾಗ ಅವನು ಊರಿಗೆ ಬಂದು ನೆಲೆಸಿದ. ಹಾಸಿಗೆಯಲ್ಲಿದ್ದ ಯಮನಪ್ಪ, ‘ಏನ ಕಲ್ತ ಬಂದಿ?’ ಎಂದು ಕೇಳಿದ್ದಕ್ಕೆ, ‘ಗಂಟು ಬಿಚ್ಚೂದು ಕಲ್ತ ಬಂದೇನಿ’ ಎಂದು ಮೊದಲು ತನ್ನ ತಪ್ಪನ್ನೇ ಹೇಳಿದ. ಹಗ್ಗ ಮತ್ತೆ ಕೈಗೆ ಬಂದ ಕತೆಯವರೆಗೂ ಕೇಳಿದ ಮುದುಕ, ‘ಆ ತಾಂಡೇಲ ನನಗಿಂತ ಶಾಣ್ಯಾ’ ಎಂದ. ಅದೇ ತಂದೆಯ ಕ್ಷಮಾಪಣೆ. ಅಂದಿನಿಂದ ಪ್ರತಿ ನೂಲಹುಣ್ಣಿಮೆಯಂದು ಮಲಕಾಜಪ್ಪ ತನ್ನ ಬಾವಿಯ ಕಟ್ಟೆಯ ಮೇಲೆ ನಿಂತು ಪಡುವಣಕ್ಕೆ ಕಾಯಿ ಒಡೆಯತೊಡಗಿದ. ಯಾವ ದೇವರಿಗೆಂದು ಪೂಜಾರಿ ಕೆಣಕಿದರೆ, ‘ದೇವ್ರಿಗಲ್ರಿ, ನಮ್ಮ ತಾಂಡೇಲಗ. ಅವ ಅಂದು ಇಳಸಿದ್ರ ನಾ ಮನಶಾ ಆಗತಿರಲಿಲ್ಲ’ ಎನ್ನುತ್ತಿದ್ದ. ಹೇಳುವಾಗ ಕಣ್ಣು ತುಂಬುತ್ತಿತ್ತು. ಅದನ್ನು ಒರೆಸಿಕೊಳ್ಳುವ ನಾಚಿಕೆ ಅವನಿಗಿರಲಿಲ್ಲ.

ತಪ್ಪಿದವನಿಗೇ ಮತ್ತೆ ಕೆಲಸ ಒಪ್ಪಿಸುವ ಗುಣವನ್ನು ತಾಂಡೇಲನಿಂದ ಕಲಿತ ಅವನು ಪೇಚಿಗೆ ಬಿದ್ದದ್ದೂ ಉಂಟು. ಮಗಳ ಮದುವೆಯಲ್ಲಿ ಹುಗ್ಗಿ ಸೀಯಿಸಿದ ಅಡಿಗೆಯವನಿಗೇ ಮಗನ ಮದುವೆಯ ಹುಗ್ಗಿಯನ್ನೂ ಒಪ್ಪಿಸಿದ. ಅವನು ಅದನ್ನೂ ಸೀಯಿಸಿದ. ರಾಯವ್ವ ಗಂಡನೊಡನೆ ಮಾತು ಬಿಟ್ಟಳು. ‘ಮೊದಲಿಗಿಂತ ಕಡಿಮಿ ಸೀದೈತಿ’ ಎಂದು ಮಲಕಾಜಪ್ಪ ತಾಟು ಹಿಡಿದುಕೊಂಡು ಉಂಡ.

ಲಗಮಣ್ಣನ ಸಂಗತಿ ಮಾತ್ರ ನಗೆಯದಲ್ಲ. ಮಲಕಾಜಪ್ಪನ ಬಂಡಿ ಹೊಡೆಯುತ್ತಿದ್ದ ಈ ಎಳೆಯ ಆಳು, ಬೇಡವೆಂದರೂ ಕೇಳದೆ, ಸವದತ್ತಿಯ ದಾರಿಯಲ್ಲಿ ಏರುತ್ತಿದ್ದ ಮಲಪ್ರಭೆಗೆ ಬಂಡಿ ಇಳಿಸಿ, ಮನೆಯ ಕರುವಾಗಿ ಬೆಳೆದ ಎತ್ತೊಂದನ್ನು ಹೊಳೆಯ ಪಾಲು ಮಾಡಿ ಬಂದ. ಮಲಕಾಜಪ್ಪನ ತಮ್ಮ ಮಾಳಪ್ಪ ಬಾರುಕೋಲು ಹಿಡಿದು ಬಾಗಿಲಲ್ಲಿ ನಿಂತ. ರಾಯವ್ವ ಎತ್ತಿನ ಹೆಸರು ಹಿಡಿದು ಅತ್ತಳು. ಮಲಕಾಜಪ್ಪನೂ ಅತ್ತ, ಆ ಎತ್ತಿನ ಮೇಲೆ ಅವನಿಗೆ ಮಗನ ಮೇಲಿನಷ್ಟು ಜೀವ. ಲಗಮಣ್ಣ ಅಂಗಳದ ಮೂಲೆಯಲ್ಲಿ, ಇನ್ನು ಈ ಊರಲ್ಲಿ ತನಗೆ ಯಾರೂ ಒಂದು ಕುರಿಯನ್ನೂ ನಂಬಿ ಕೊಡುವುದಿಲ್ಲವೆಂದು ಅರಿತವನಂತೆ ಕುಕ್ಕರಿಸಿದ್ದ. ಮರುದಿನ ಬೆಳಿಗ್ಗೆ ಮಲಕಾಜಪ್ಪ ಕಾಲಗಲಿಸಿ ನಡೆದು ಅವನ ಗುಡಿಸಲಿಗೇ ಹೋದ. ‘ಏಳೋ, ಬ್ಯಾರೆ ಎತ್ತು ಕಟ್ಟಿ ಬಂಡಿ ಹೂಡು. ಸವದತ್ತಿಗಿ ಹೋಗಬೇಕು. ಹೊಳಿ ನೋಡಿ ನೀನ ಹೇಳು, ಇಳೀಬೇಕೋ ನಿಂದರಬೇಕೋ. ನಾ ಕುಂತಿರತೇನಿ.’

ಎಂದೂ ಎಡವದವರು ಲೋಕದಲ್ಲಿದ್ದಾರೆ. ಅವರನ್ನು ಕಂಡರೆ ಗೌರವವಾಗುತ್ತದೆ, ಸಮೀಪಿಸಲು ಅಂಜಿಕೆಯೂ ಆಗುತ್ತದೆ. ಮಲಕಾಜಪ್ಪನಂಥವರ ಬಳಗವೇ ಬೇರೆ. ತಪ್ಪಿದವನ ಎದೆಯೊಳಗೆ ಏನು ನಡೆಯುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿಲ್ಲ, ಏಕೆಂದರೆ ಎಂದೋ ಒಮ್ಮೆ, ಕೈಬಿಡಬಹುದಾಗಿದ್ದ ಯಾರೋ ಒಬ್ಬರು ಅವರನ್ನು ಕೈಬಿಡಲಿಲ್ಲ. ಆ ಉಪಕಾರವನ್ನು ಮಾಡಿದವರಿಗೇ ತೀರಿಸುವ ದಾರಿ ಅವರಿಗಿಲ್ಲ. ಎದುರಿಗೆ ಬಂದವರಿಗೆ ತೀರಿಸುತ್ತ ಹೋಗುತ್ತಾರೆ. ಅವರಿಂದ ಊರು ಶ್ರೀಮಂತವಾಗುವುದಿಲ್ಲ, ಕೆಲವೊಮ್ಮೆ ಹುಗ್ಗಿಯೂ ಸೀಯುತ್ತದೆ. ಆದರೆ ಅಂಥವರೊಬ್ಬರಿರುವ ಊರಿನಲ್ಲಿ, ತಪ್ಪು ಮಾಡಿದ ಹುಡುಗರು ದೇಶಾಂತರ ಓಡಿಹೋಗುವುದಿಲ್ಲ. ಬೆಳಗಾದರೆ ಮುಖ ತೊಳೆದುಕೊಂಡು ಕೆಲಸಕ್ಕೆ ಬರುತ್ತಾರೆ.